ಮುಚ್ಚಳದ ಮೇಲಿನ ಹೆಸರು

ಸಹಕಾರನಗರದ ನಮ್ಮ ಮನೆಯ ಮೊದಲ ಮಹಡಿಯ ಹಾಲಿನಲ್ಲಿ ನಾನು ಪಿಯುಸಿ ಮಕ್ಕಳಿಗೆ ಬಯಾಲಜಿ ಹೇಳಿಕೊಡುತ್ತೇನೆ. ವರ್ಷದ ಹೆಚ್ಚಿನ ಭಾಗ ಅದು ಬೇರೆಲ್ಲ ಟ್ಯೂಷನ್‌ಗಳ ಹಾಗೇ ಒಂದು ಟ್ಯೂಷನ್. ಬೇಸಿಗೆ ಹತ್ತಿರವಾದಾಗ ಮಾತ್ರ ಐದಾರು ಮಕ್ಕಳಿಗೆ ಭಾನುವಾರ ಇನ್ನೊಂದು ಪಾಠ ಮಾಡುತ್ತೇನೆ. ಕೇಳಿದವರು ನಗುತ್ತಾರೆ. ರೈತರ ಮಕ್ಕಳಿಗೆ ರಾಗಿ ಯಾವುದು, ಸಾಸಿವೆ ಯಾವುದು ಎಂದು ತೋರಿಸಿಕೊಡುವ ಪಾಠ ಅದು.

ಕೃಷಿ ಮತ್ತು ವೆಟರ್ನರಿ ಕೋರ್ಸುಗಳಲ್ಲಿ ಕೃಷಿಕರ ಮಕ್ಕಳಿಗೆಂದು ಒಂದಷ್ಟು ಸೀಟು ಇರುತ್ತವೆ. ಅದಕ್ಕೆ ತಹಸೀಲ್ದಾರರ ಕಚೇರಿಯ ಪತ್ರವೊಂದೇ ಸಾಲದು. ಸಿಇಟಿಯ ಜೊತೆಗೆ ಒಂದು ಪ್ರಾಯೋಗಿಕ ಪರೀಕ್ಷೆಯನ್ನೂ ಕೊಡಬೇಕು. ಮೇಜಿನ ಮೇಲೆ ಸಾಲಾಗಿ ತಟ್ಟೆಗಳು, ಪ್ರತಿ ತಟ್ಟೆಗೊಂದು ನಂಬರು, ತಟ್ಟೆಯಲ್ಲಿ ಕಾಳೋ ಬೀಜವೋ ಗೊಬ್ಬರವೋ ಒಣಗಿದ ಎಲೆಯೋ. ನೋಡಿ ಹೆಸರು ಬರೆಯಬೇಕು. ಹೊಲದಲ್ಲಿ ಬೆಳೆದ ಮಗುವಿಗೆ ಇದು ಪರೀಕ್ಷೆಯೇ ಅಲ್ಲ. ಯಲಹಂಕದ ಸುತ್ತಮುತ್ತಲ ಮಕ್ಕಳಿಗೆ ಹೊಲ ಪಹಣಿಯಲ್ಲಿ ಮಾತ್ರ ಇದೆ. ಅದರ ಪಕ್ಕದ ಜಮೀನು ಲೇಔಟ್ ಆಗಿದೆ. ಅವರು ಇಂಗ್ಲಿಷ್ ಮೀಡಿಯಂ ಬಸ್ಸು ಹತ್ತಿ ಬೆಳೆದವರು.

ಈಗ ಬರೆಯುತ್ತಿರುವುದು ಎರಡು ವರ್ಷದ ಹಿಂದಿನ ಮಾತು. ನಾನು ದಿನಚರಿ ಬರೆಯುವವಳು, ಆ ದಿನಗಳ ಪುಟಗಳೂ ನನ್ನ ಮುಂದಿವೆ. ಆದರೂ ಅವನ್ನು ಪೂರ್ತಿ ನಂಬಲಾರೆ. ಕಾರಣ ಮುಂದೆ ಹೇಳುತ್ತೇನೆ.

ಆ ವರ್ಷದ ಭಾನುವಾರದ ಪಾಠಕ್ಕೆ ಆರು ಜನ ಇದ್ದರು. ಅವರಲ್ಲಿ ರಾಜಾನುಕುಂಟೆಯ ಒಬ್ಬ ಹುಡುಗಿ. ಮನೆಯಲ್ಲಿ ನಾಲ್ಕು ಸೀಮೆಹಸು, ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಸ್ಸು ಹತ್ತುತ್ತಿದ್ದಳು. ಅವಳಿಗೆ ವೆಟರ್ನರಿಯೇ ಬೇಕಿತ್ತು, ಅದೂ ಹೆಬ್ಬಾಳದಲ್ಲಿ, ಮನೆಯಿಂದ ಓಡಾಡುವಂತೆ. ಅವರಪ್ಪ ಹಾಕಿದ್ದ ಷರತ್ತು ಅದು. ಡಾಕ್ಟರಾಗುತ್ತಾಳೋ ಮೇಷ್ಟ್ರಾಗುತ್ತಾಳೋ ಅವಳಿಷ್ಟ, ಸಂಜೆ ಮನೆಗೆ ಬರಬೇಕು. ಸಿಇಟಿಯಲ್ಲಿ ಅವಳು ಸುಮಾರಾಗಿಯೇ ಮಾಡುವವಳೆಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಆದ್ದರಿಂದ ಈ ತಟ್ಟೆಗಳ ಪರೀಕ್ಷೆಯ ಮೇಲೇ ಎಲ್ಲವೂ ನಿಂತಿತ್ತು. ಇಲ್ಲಿ ಒಂದೂ ಬಿಡುವ ಹಾಗಿರಲಿಲ್ಲ.

ನನ್ನ ಸಾಮಾನು ಎಂದರೆ ಐವತ್ತು ಚಿಕ್ಕ ಗಾಜಿನ ಬಾಟಲಿ, ಎಲ್ಲ ಒಂದೇ ಅಳತೆ. ಹೆಸರಿನ ಚೀಟಿಯನ್ನು ನಾನು ಬಾಟಲಿಗೆ ಅಂಟಿಸುತ್ತಿರಲಿಲ್ಲ, ಮುಚ್ಚಳದ ಮೇಲೆ ಅಂಟಿಸುತ್ತಿದ್ದೆ. ಪೆಟ್ಟಿಗೆಯಲ್ಲಿ ಜೋಡಿಸಿದಾಗ ಮೇಲಿಂದಲೇ ಓದಬಹುದು. ಟೆಸ್ಟ್ ಕೊಡುವಾಗ ಮುಚ್ಚಳ ತೆಗೆದಿಟ್ಟರಾಯಿತು, ಹೆಸರು ಕಾಣುವುದಿಲ್ಲ. ಈ ಏರ್ಪಾಡಿನ ಬಗ್ಗೆ ನನಗೆ ಹೆಮ್ಮೆಯೇ ಇತ್ತು. ಟೆಸ್ಟ್ ಮುಗಿದ ಮೇಲೆ ಮಕ್ಕಳು ಮಾತಾಡುತ್ತಾ, ತಳ್ಳಾಡುತ್ತಾ ಮುಚ್ಚಳ ಹಾಕಿ ಒಳಗಿಡುತ್ತಿದ್ದರು. ಇದನ್ನು ಓದುವವರಿಗೆ ಈಗಲೇ ಹೊಳೆದಿರಬೇಕು. ನನಗೆ ಹೊಳೆಯಲಿಲ್ಲ. ನಾನು ಎಂಎಸ್ಸಿ ಬಾಟನಿ ಮಾಡಿದವಳು. ಆದರೆ ಓದಿದ್ದು ಕೆರೆಯ ಪಾಚಿಯ ಬಗ್ಗೆ. ಸಿರಿಧಾನ್ಯಗಳನ್ನು ಯಲಹಂಕದ ಹಳೇ ಪೇಟೆಯ ಬೀಜದಂಗಡಿಯಿಂದ ತಂದು ಬಾಟಲಿಗೆ ಸುರಿದ ದಿನ ಒಮ್ಮೆ ಸರಿಯಾಗಿ ನೋಡಿದ್ದೆ. ಆಮೇಲೆ ನೋಡುತ್ತಿದ್ದುದು ಮುಚ್ಚಳವನ್ನು.

ಪರೀಕ್ಷೆಗೆ ಮೂರು ವಾರ ಇದ್ದಾಗ ಆ ಹುಡುಗಿಯ ಅಜ್ಜಿ ಬಂದರು. ಕಣ್ಣು ತೋರಿಸಲು ನಮ್ಮ ಬಡಾವಣೆಯ ಡಾಕ್ಟರ ಹತ್ತಿರ ಬಂದಿದ್ದವರು, ಮೊಮ್ಮಗಳನ್ನು ಜೊತೆಗೇ ಕರೆದೊಯ್ಯೋಣವೆಂದು ಮೆಟ್ಟಿಲು ಹತ್ತಿ ಬಂದು ಬಾಗಿಲ ಬಳಿ ಕುಳಿತರು. ಹುಡುಗಿ ಒಂದು ಬಾಟಲಿ ಎತ್ತಿಕೊಂಡು "ನವಣೆ" ಎಂದು ಹೇಳಿ ಪಕ್ಕದವನಿಗೆ ದಾಟಿಸುತ್ತಿದ್ದಳು.

ಅಜ್ಜಿ ಕೈ ಚಾಚಿದರು. "ಎಲ್ಲಿ, ಇಲ್ ಕೊಡು." ಅಂಗೈಗೆ ನಾಲ್ಕು ಕಾಳು ಸುರಿದುಕೊಂಡು ಹೆಬ್ಬೆರಳಲ್ಲಿ ಆಡಿಸಿದರು. "ಏನಂದೆ? ನವಣೆನಾ? ಇದು ಬರಗು ಕಣೆ. ನವಣೆ ಎಲ್ಲಾರ ಇಷ್ಟ್ ದಪ್ಪುಕ್ಕೆ ಇರ್ತದಾ?"

ಮಕ್ಕಳೆಲ್ಲ ನನ್ನ ಕಡೆ ತಿರುಗಿದರು. ನಾನು ನಕ್ಕೆ. "ಅಜ್ಜಿ, ಊರೂರಿಗೆ ಹೆಸರು ಬೇರೆ ಬೇರೆ ಇರುತ್ತೆ. ಪರೀಕ್ಷೇಲಿ ಪುಸ್ತಕದ ಹೆಸರೇ ಬರೀಬೇಕು."

"ಅಂಗಾ? ಅಂಗಾದ್ರೆ ಸರಿ ಬುಡವ್ವ. ಪುಸ್ತಕ್ದಲ್ಲಿ ಅಂಗಿದ್ರೆ ನಾನೇನ್ ಏಳ್ಲಿ. ನಾನ್ ತಿಂದಿದ್ದೀನಿ, ಓದಿಲ್ಲ."

ಕೊಡಿಗೇಹಳ್ಳಿಯ ಒಬ್ಬ ಹುಡುಗನಿದ್ದ, ಮಾತಿಗೆ ಮೊದಲಿಗ. "ಮ್ಯಾಮ್, ಹಾಲ್ ಟಿಕೆಟ್ ಅಜ್ಜಿಗೇ ಕೊಟ್ಬಿಡಿ. ನಾವೆಲ್ಲ ಮನೆಗ್ ಹೋಗ್ತೀವಿ."

"ಸುಮ್ನಿರೋ, ನೀನ್ ಮೊದಲು ರಾಗಿ ಸಾಸಿವೆ ಬಿಡಿಸ್ಕೋ," ಎಂದೆ. ಎಲ್ಲರೂ ನಕ್ಕರು. ಅಜ್ಜಿಯೂ ನಕ್ಕರು. ಹುಡುಗಿ ನಗಲಿಲ್ಲ ಎಂದು ನನ್ನ ನೆನಪು. ಆದರೆ ಇದು ಆಮೇಲೆ ನಾನು ಸೇರಿಸಿಕೊಂಡದ್ದಿರಬಹುದು. ಆ ದಿನದ ಪುಟದಲ್ಲಿ ಇಷ್ಟೇ ಇದೆ: "ರಾಜಾನುಕುಂಟೆ ಅಜ್ಜಿ ಬಂದಿದ್ದರು. ತಮಾಷೆ." ಬಾಟಲಿಯನ್ನು ನಾನು ಕೈಗೆ ತೆಗೆದುಕೊಂಡು ನೋಡಿದೆನೇ ಎಂಬುದರ ಬಗ್ಗೆ ಒಂದಕ್ಷರವೂ ಇಲ್ಲ. ನೋಡಿರಲಿಕ್ಕಿಲ್ಲ.

ಪರೀಕ್ಷೆಯ ಹಿಂದಿನ ದಿನ ಕೊನೆಯ ಟೆಸ್ಟ್ ಕೊಟ್ಟೆ. ಹುಡುಗಿ ಐವತ್ತರಲ್ಲಿ ನಲವತ್ತೆಂಟು ಸರಿ ಬರೆದಿದ್ದಳು. ತಪ್ಪಿದ್ದು ಎರಡೇ, ನವಣೆ ಇರುವಲ್ಲಿ ಬರಗು, ಬರಗು ಇರುವಲ್ಲಿ ನವಣೆ. ನನಗೆ ಸಿಟ್ಟು ಬಂತು, ನಿಜ ಹೇಳಬೇಕೆಂದರೆ ಹೆದರಿಕೆಯಾಯಿತು. ಮೂರು ವಾರದಿಂದ ಸರಿ ಹೇಳುತ್ತಿದ್ದವಳು ಕೊನೆಯ ದಿನ ಎಡವುತ್ತಿದ್ದಾಳಲ್ಲ ಎಂದು. ಕೆಂಪು ಪೆನ್ನಿನಲ್ಲಿ ಎರಡಕ್ಕೂ ಅಡ್ಡಗೀಟು ಹಾಕಿದೆ. "ಇವತ್ತು ಮನೆಗೆ ಹೋಗೋ ಮುಂಚೆ ಇವೆರಡನ್ನೇ ಹತ್ತು ಸಲ ನೋಡು. ನಾಳೆ ಹಿಂಗ್ ಮಾಡಿದ್ರೆ ಹೆಬ್ಬಾಳ ಹೋಯ್ತು ಅಂತ್ಲೇ ತಿಳ್ಕೊ," ಎಂದೆ.

"ಸರಿ ಮಿಸ್," ಎಂದಳು. ಹಾಳೆಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡಳು.

ಮರುದಿನ ಎಲ್ಲರಿಗೂ ಮಧ್ಯಾಹ್ನದ ಸರದಿ. ಪರೀಕ್ಷೆ ನಡೆಯುವುದು ಬಳ್ಳಾರಿ ರಸ್ತೆಯ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ, ನಮ್ಮ ಮನೆಯಿಂದ ಸ್ಕೂಟರಿನಲ್ಲಿ ಹೋಗುವಷ್ಟು ದೂರ. ಬೆಳಿಗ್ಗೆ ಕೆಲಸವಿಲ್ಲದೆ, ಮನಸ್ಸಿಗೂ ನೆಮ್ಮದಿಯಿಲ್ಲದೆ, ಬಾಟಲಿಗಳನ್ನು ಒರೆಸಿಡಲು ಕೂತೆ. ಹೋದ ವರ್ಷದ ನವಣೆ ಬೀಜದಂಗಡಿಯ ಪೊಟ್ಟಣದಲ್ಲಿ ಒಂದು ಹಿಡಿ ಉಳಿದಿತ್ತು. ಪೊಟ್ಟಣದ ಮೇಲೆ ಅಂಗಡಿಯವರ ಕೈಬರಹದಲ್ಲಿ ನವಣೆ ಎಂದಿತ್ತು. ನವಣೆ ಎಂದು ಮುಚ್ಚಳವಿದ್ದ ಬಾಟಲಿ ತೆಗೆದು ಅದನ್ನು ಸುರಿದೆ.

ಬಾಟಲಿಯಲ್ಲಿದ್ದ ಕಾಳಿನ ಮೇಲೆ ಈಗ ಸುರಿದ ಕಾಳು ಬೇರೆಯೇ ಆಗಿ ಕೂತಿತು. ಕೆಳಗೆ ದಪ್ಪನೆಯ, ಹೊಳೆಯುವ, ಕೆನೆ ಬಣ್ಣದ ಕಾಳು. ಮೇಲೆ ಸಣ್ಣಗೆ ಹಳದಿ.

ಮೊದಲು ಅಂಗಡಿಯವರನ್ನು ಬೈದುಕೊಂಡೆ. ಆಮೇಲೆ ಬರಗು ಎಂದು ಮುಚ್ಚಳವಿದ್ದ ಬಾಟಲಿ ತೆರೆದೆ. ಅದರೊಳಗಿದ್ದದ್ದು ಸಣ್ಣ ಹಳದಿ. ಫೋನಿನಲ್ಲಿ ಎರಡರ ಚಿತ್ರವನ್ನೂ ಹುಡುಕಿ ನೋಡಿದೆ, ಒಂದಲ್ಲ ನಾಲ್ಕು ಕಡೆ. ಅಜ್ಜಿ ಹೇಳಿದ್ದೇ ಸರಿ. ಯಾವುದೋ ಭಾನುವಾರ ಎರಡು ಮುಚ್ಚಳ ಅದಲುಬದಲಾಗಿದ್ದವು. ಅವತ್ತಿನಿಂದ ಆರು ಮಕ್ಕಳು ನನ್ನಿಂದ ತಪ್ಪನ್ನೇ ಕಲಿಯುತ್ತಿದ್ದರು. ಒಬ್ಬಳು ಸರಿ ಬರೆದದ್ದಕ್ಕೆ ನಾನು ಕೆಂಪು ಗೀಟು ಹಾಕಿದ್ದೆ.

ತಕ್ಷಣ ಫೋನು ಎತ್ತಿಕೊಂಡೆ. ಐದು ಮಕ್ಕಳು ಫೋನಿಗೆ ಸಿಕ್ಕರು. ಎರಡೂ ಬಾಟಲಿ ಎದುರಿಗಿಟ್ಟುಕೊಂಡು ಒಬ್ಬೊಬ್ಬರಿಗೂ ಬಿಡಿಸಿ ಹೇಳಿದೆ. ಸಣ್ಣಗಿರೋದು, ಹಳದಿ, ಅದು ನವಣೆ. ದಪ್ಪಗೆ ಹೊಳೆಯೋದು ಬರಗು. ಕೊಡಿಗೇಹಳ್ಳಿಯವನು "ಅಯ್ಯೋ ಮ್ಯಾಮ್, ಲಾಸ್ಟ್ ಮಿನಿಟ್‌ನಲ್ಲಿ ಸಿಲಬಸ್ ಚೇಂಜಾ?" ಎಂದ. ಆರನೆಯವಳ ಫೋನು ಸ್ವಿಚ್ ಆಫ್. ಅವಳು ರಾಜಾನುಕುಂಟೆಯಿಂದ ಬಸ್ಸಿನಲ್ಲಿ ಬರುವವಳು. ಒಳಗೆ ಬಿಡುವುದಿಲ್ಲವೆಂದು ಫೋನನ್ನು ಮನೆಯಲ್ಲೇ ಇಟ್ಟು ಬಂದಿರಬೇಕು.

ಸ್ಕೂಟರು ತೆಗೆದೆ. ಬ್ಯಾಟರಾಯನಪುರದ ಸಿಗ್ನಲ್ಲಿನಲ್ಲಿ ಮೂರು ಸಲ ಹಸಿರು ಬಂದು ಹೋಯಿತು. ಮೇಲೆ ಫ್ಲೈಓವರಿನಲ್ಲಿ ಏರ್‌ಪೋರ್ಟಿನ ಕಾರುಗಳು ಸರಾಗವಾಗಿ ಹೋಗುತ್ತಿದ್ದವು, ಕೆಳಗೆ ಸರ್ವೀಸ್ ರಸ್ತೆಯಲ್ಲಿ ನಾವು ಒಬ್ಬರ ಮೇಲೊಬ್ಬರು. ನನ್ನ ಮುಂದಿದ್ದ ಆಟೋದವರು ತಿರುಗಿ ನೋಡಿ, "ಮೇಡಂ, ಹಾರ್ನ್ ಹೊಡುದ್ರೆ ರೋಡ್ ಅಗಲ ಆಗಲ್ಲ ಕಣ್ರೀ," ಎಂದರು. ನಾನು ಹಾರ್ನ್ ಒತ್ತುತ್ತಲೇ ಇದ್ದೇನೆಂದು ಆಗ ಗೊತ್ತಾಯಿತು.

ಗೇಟಿನ ಬಳಿ ಅಪ್ಪ ಅಮ್ಮಂದಿರ ಗುಂಪು. ಒಳಗೆ ಹೋಗುವ ಸಾಲು ಮುಂದೆ ಸರಿಯುತ್ತಿತ್ತು. ಅವಳು ಕಾಣಿಸಿದಳು. ಅವಳ ಮುಂದೆ ನಾಲ್ಕೈದು ಜನ ಅಷ್ಟೇ. ಕೂಗಿದೆ. ಅವಳು ಸಾಲು ಬಿಡದೆ ನನ್ನ ಕಡೆ ಬಾಗಿದಳು. ನಮ್ಮ ನಡುವೆ ಒಂದು ಕಬ್ಬಿಣದ ಬ್ಯಾರಿಕೇಡ್, ಅದಕ್ಕೆ ಒರಗಿ ನಿಂತ ಹತ್ತು ಜನ ತಂದೆತಾಯಿ. ಅವರೆಲ್ಲ ನನ್ನನ್ನೇ ನೋಡುತ್ತಿದ್ದರು. ಟೀಚರು ಬಂದಿದ್ದಾರೆ, ಏನೋ ಇಂಪಾರ್ಟೆಂಟ್ ಪ್ರಶ್ನೆ ಹೇಳುತ್ತಾರೆ ಎಂದುಕೊಂಡಿರಬೇಕು.

ಆ ರಾತ್ರಿಯ ನನ್ನ ದಿನಚರಿಯಲ್ಲಿ ಹೀಗಿದೆ: "ಗೇಟಿನಲ್ಲಿ ಸಿಕ್ಕಳು. ನನ್ನ ತಪ್ಪು ಅಂತ ಹೇಳಿ ಎರಡನ್ನೂ ಸರಿಪಡಿಸಿದೆ. ಅರ್ಥಮಾಡಿಕೊಂಡಳು. ಸದ್ಯ." ನನ್ನ ನೆನಪಿನಲ್ಲೂ ಹಾಗೇ ಇದೆ. ನನ್ನ ದನಿ, ಅವಳು ತಲೆಯಾಡಿಸಿದ್ದು, ಪಕ್ಕದ ಹೆಂಗಸಿನ ಛತ್ರಿ, ಎಲ್ಲ ಸ್ಪಷ್ಟ. "ತಪ್ಪು ನಂದು ಪುಟ್ಟಾ" ಎಂದೆ ಎಂಬುದೂ ಸ್ಪಷ್ಟ.

ಸಂಜೆ ಕೊಡಿಗೇಹಳ್ಳಿಯವನ ಫೋನು ಬಂತು. "ಮ್ಯಾಮ್, ಎರಡೂ ಬಂದಿತ್ತು! ಅಕ್ಕಪಕ್ಕದ ತಟ್ಟೇಲಿ. ಎರಡೂ ಹೊಡೆದೆ." ಉಳಿದ ನಾಲ್ವರೂ ಹಾಗೇ ಹೇಳಿದರು. ಎದೆಯ ಮೇಲಿಂದ ಕಲ್ಲು ಇಳಿದ ಹಾಗಾಯಿತು.

ಹುಡುಗಿ ಮರುದಿನ ಬಂದಳು. ನನ್ನಿಂದ ತೆಗೆದುಕೊಂಡಿದ್ದ ಪುಸ್ತಕ ವಾಪಸು ಕೊಡಲು. ಹೇಗಾಯಿತು ಎಂದು ಕೇಳುವ ಮೊದಲೇ ಅವಳೇ ಕೇಳಿದಳು, "ಮಿಸ್, ಸಣ್ಣಗೆ ಹಳದಿ ಇರೋದು ಬರಗು ತಾನೇ?"

ನಾನು ಕೂತುಕೊಂಡೆ.

"ನವಣೆ ಅಲ್ವಾ ಅದು? ನಿನ್ನೆ ಹೇಳಿದ್ನಲ್ಲ."

"ನೀವು ತಿರುವುಮುರುವು ಮಾಡ್ಕೋ ಅಂದ್ರಿ."

"ಹೌದು, ನಾನ್ ಹೇಳ್ಕೊಟ್ಟಿದ್ದು ತಪ್ಪಾಗಿತ್ತು, ಅದನ್ನ ತಿರುವುಮುರುವು ಮಾಡು ಅಂದೆ."

"ನೀವ್ ಹೇಳ್ಕೊಟ್ಟಿದ್ದು ತಪ್ಪು ಅಂತ ಹೇಳ್ಲಿಲ್ಲ ಮಿಸ್." ಅವಳ ದನಿಯಲ್ಲಿ ದೂರು ಇರಲಿಲ್ಲ, ಅದೇ ನನಗೆ ಕಷ್ಟವಾಯಿತು. "ನವಣೆ ಬರಗು ಉಲ್ಟಾ ಆಗಿದೆ, ತಿರುಗಿಸಿ ಬರಿ, ಅಷ್ಟೇ ಅಂದ್ರಿ. ಹಿಂದಿನ ದಿನ ಟೆಸ್ಟಲ್ಲಿ ನಾನು ಅಜ್ಜಿ ಹೇಳಿದ್ದನ್ನ ಬರ್ದಿದ್ದೆ. ಅದಕ್ ನೀವು ತಪ್ಪು ಹಾಕಿದ್ರಿ. ಆಮೇಲೂ ನಾನು ಎಕ್ಸಾಮಲ್ಲಿ ಅಜ್ಜಿದೇ ಬರಿಯೋದು ಅಂತ ಮನಸ್ ಮಾಡ್ಕೊಂಡ್ ಬಂದಿದ್ದೆ. ನೀವ್ ಓಡ್ಕೊಂಡ್ ಬಂದಿದ್ ನೋಡಿ, ಇದನ್ನ ತಡಿಯೋಕೇ ಬಂದ್ರಿ ಅನ್ಕೊಂಡೆ."

"ಕ್ಲಾಸಲ್ಲಿ ಮೂರು ವಾರ ನಾನ್ ಹೇಳಿದ್ ಹಾಗೇ ಹೇಳ್ತಿದ್ಯಲ್ಲ?"

"ಕ್ಲಾಸಲ್ಲಿ ನಿಮ್ದು ಹೇಳ್ತಿದ್ದೆ. ಎಲ್ರ ಮುಂದೆ ಹೇಗ್ ಮಿಸ್ ಬೇರೆ ಹೇಳೋದು?"

ಅವಳಿಗೆ ಆಗ ಎಲ್ಲ ಹೇಳಿದೆ. ಮುಚ್ಚಳ, ಪೊಟ್ಟಣ, ಐದು ಫೋನು. ಅವಳು, "ಹಂಗಾದ್ರೆ ನಂಗ್ ಒಬ್ಳಿಗೇ ತಪ್ಪಾ?" ಎಂದಳು. ಹೌದು, ಆರು ಜನರಲ್ಲಿ ನಿಜವಾಗಿ ಗೊತ್ತಿದ್ದವಳು ಅವಳೊಬ್ಬಳು. ತಪ್ಪಾದದ್ದೂ ಅವಳಿಗೊಬ್ಬಳಿಗೇ.

ಗೇಟಿನಲ್ಲಿ ನಾನು ಏನಂದೆ ಎಂಬುದನ್ನು ಅಂದಿನಿಂದ ಎಷ್ಟು ಸಲ ಕೇಳಿಕೊಂಡಿದ್ದೇನೋ. ಹತ್ತು ಜನ ತಂದೆತಾಯಿಯರ ಎದುರು "ನಾನು ತಪ್ಪು ಕಲಿಸಿದೆ" ಎಂಬ ಮಾತು ಬಾಯಿಂದ ಹೊರಗೆ ಬಂತೇ? ಮುಂದಿನ ವರ್ಷ ಅವರ ಚಿಕ್ಕ ಮಕ್ಕಳು ನನ್ನ ಹಾಲಿಗೇ ಬರಬಹುದಾದವರು. ದಾರಿಯುದ್ದಕ್ಕೂ ಆ ವಾಕ್ಯವನ್ನು ಹೆಲ್ಮೆಟ್ಟಿನೊಳಗೆ ಹೇಳಿಕೊಳ್ಳುತ್ತಾ ಹೋಗಿದ್ದೆ ಎಂಬುದು ಖಂಡಿತ. ಹೇಳಿಕೊಂಡದ್ದೇ ಹೇಳಿದ ಹಾಗೆ ನೆನಪಿನಲ್ಲಿ ಕೂತಿತೇನೋ. ಫೋನಿನಲ್ಲಿ ಐದು ಜನಕ್ಕೂ ಹೇಳಿದ್ದೆ, ಅದು ಸುಲಭ, ಯಾರೂ ನೋಡುತ್ತಿರಲಿಲ್ಲ. ಅವಳು ಹೇಳುವುದೇ ನಿಜವೆಂದು ನಾನು ಈಗ ಒಪ್ಪುತ್ತೇನೆ. ಆದರೆ ನನ್ನ ಕಿವಿಗೆ ಇಂದಿಗೂ "ತಪ್ಪು ನಂದು ಪುಟ್ಟಾ" ಎಂದೇ ಕೇಳಿಸುತ್ತದೆ. ಈ ಕಾರಣಕ್ಕೇ ದಿನಚರಿಯನ್ನು ನಂಬಲಾರೆ ಎಂದದ್ದು.

ರ್‍ಯಾಂಕು ಬಂತು. ನಂತರದ ವಾರಗಳು ಹೇಗೆ ಕಳೆದವೆಂದು ಪಿಯುಸಿ ಮಕ್ಕಳಿರುವ ಮನೆಯವರಿಗೆ ವಿವರಿಸಬೇಕಾಗಿಲ್ಲ. ಹೋದ ವರ್ಷ ಯಾವ ರ್‍ಯಾಂಕಿಗೆ ಎಲ್ಲಿ ಸೀಟು ನಿಂತಿತು ಎಂಬ ಪಟ್ಟಿಯನ್ನು ನಾನು ದಿನಕ್ಕೆರಡು ಸಲ ತೆರೆಯುತ್ತಿದ್ದೆ. ಎರಡು ತಟ್ಟೆಯ ಅಂಕ ಸೇರಿಸಿದರೆ ಅವಳು ಎಷ್ಟು ಮೇಲೆ ಹೋಗುತ್ತಿದ್ದಳು ಎಂದು ಲೆಕ್ಕ ಹಾಕಲು ನೋಡಿದೆ, ಅದು ನನ್ನ ಕೈಗೆ ಸಿಗುವ ಲೆಕ್ಕವಲ್ಲ. ಅಣಕು ಹಂಚಿಕೆ ಬಂದಾಗ ಅವಳ ಹೆಸರಿನ ಮುಂದೆ ಹೆಬ್ಬಾಳ ಇರಲಿಲ್ಲ. ಬೀದರಿನ ವೆಟರ್ನರಿ ಇತ್ತು. ಅವಳು ತುಂಬಿದ್ದ ಆಯ್ಕೆಗಳ ಪಟ್ಟಿಯಲ್ಲಿ ಅದಕ್ಕಿಂತ ಕೆಳಗೆ, ಮನೆಗೆ ಹತ್ತಿರದ ಬಿಎಸ್ಸಿ ಅಗ್ರಿ. ಅಣಕು ಹಂಚಿಕೆ ಎಂದರೆ ಹೀಗೆ ಬರಬಹುದು ಎಂಬ ಸೂಚನೆ. ಅದನ್ನು ನೋಡಿಕೊಂಡು ಪಟ್ಟಿಯ ಕ್ರಮವನ್ನು ಇನ್ನೊಮ್ಮೆ ಬದಲಿಸಲು ಅವಕಾಶವಿರುತ್ತದೆ. ರ್‍ಯಾಂಕಿಗೆ ಎಟುಕುವವುಗಳಲ್ಲಿ ಮೇಲೆ ಯಾವುದನ್ನು ಇಟ್ಟರೆ ಅದೇ ಸಿಗುತ್ತದೆ, ಸಿಕ್ಕ ಮೇಲೆ ಕೆಳಗಿನದು ಇಲ್ಲ.

ಕೊನೆಯ ದಿನ ಮಧ್ಯಾಹ್ನ ಅವಳು ನಮ್ಮ ಮನೆಗೆ ಬಂದಳು. ನನ್ನ ಲ್ಯಾಪ್‌ಟಾಪಿನಲ್ಲಿ ಪಟ್ಟಿ ತೆರೆದಿತ್ತು. ಸಂಜೆಗೆ ಮುಚ್ಚುತ್ತಾರೆ.

"ಅಪ್ಪ ಅಗ್ರಿನ ಮೇಲೆ ಹಾಕು ಅಂತಾರೆ. ಬಸ್ಸಲ್ಲೇ ಓಡಾಡ್ಬಹುದು," ಎಂದಳು.

"ಹ್ಞೂಂ."

"ಅಗ್ರಿಲಿ ದನ ಇರಲ್ಲ ಮಿಸ್."

"ಹ್ಞೂಂ."

"ನೀವ್ ಹೇಳಿ. ಯಾವ್ದು ಮೇಲೆ ಹಾಕ್ಲಿ?"

ನನಗೆ ಅಭಿಪ್ರಾಯವಿತ್ತು. ಬಲವಾದದ್ದೇ ಇತ್ತು. ಅದು ಅವಳಿಗಾಗಿ ಇದ್ದದ್ದೋ ಅಥವಾ ಎರಡು ತಟ್ಟೆಯ ಭಾರ ನನ್ನ ತಲೆಯಿಂದ ಇಳಿಯಲಿ ಎಂದೋ, ಅದನ್ನು ಬೇರ್ಪಡಿಸಲು ಆಗಲಿಲ್ಲ. ಅವಳು ವೆಟರ್ನರಿಗೆ ಹೋದರೆ ನಾನು ಕೆಡಿಸಿದ್ದು ಅಷ್ಟೇನೂ ಅಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. "ನಾನ್ ಹೇಳಲ್ಲ," ಎಂದೆ. ಅದು ವಿವೇಕವೋ ಪುಕ್ಕಲುತನವೋ ಗೊತ್ತಿಲ್ಲ. ಹತ್ತೊಂಬತ್ತು ತುಂಬದ ಹುಡುಗಿಯನ್ನು ಅಂಥ ಹೊತ್ತಿನಲ್ಲಿ ಒಂಟಿಯಾಗಿ ಬಿಟ್ಟೆ ಎಂದೂ ಯಾರಾದರೂ ಹೇಳಬಹುದು.

ಅವಳು ಪರದೆಯನ್ನೇ ನೋಡುತ್ತಾ ಕೂತಳು. ಕೆಳಗೆ ಗಾಡಿಯಲ್ಲಿ ಸೊಪ್ಪು ಮಾರುವವಳು ಕೂಗಿ ಹೋದಳು. ಆಮೇಲೆ ಹುಡುಗಿ, "ನೀವ್ ಆ ಕಡೆ ತಿರುಗಿ ಮಿಸ್," ಎಂದಳು.

"ಯಾಕೆ?"

"ನಿಮ್ ಮುಖ ನೋಡಿದ್ರೆ ನಂಗ್ ಗೊತ್ತಾಗ್ಬಿಡುತ್ತೆ."

ನಾನು ಕಿಟಕಿಯ ಕಡೆ ತಿರುಗಿದೆ. ಹಿಂದೆ ಕೀಬೋರ್ಡಿನ ಸದ್ದು. ಒಂದು ಸಲ ನಿಂತಿತು, ಬಹಳ ಹೊತ್ತು. ತಿರುಗಬೇಕೆನಿಸಿತು, ತಿರುಗಲಿಲ್ಲ. ಮತ್ತೆ ಸದ್ದು.

"ಆಯ್ತು. ಸಬ್‌ಮಿಟ್ ಕೊಟ್ಟೆ."

"ಯಾವ್ದು?"

"ಬೀದರ್ ಮೇಲೇ ಇದೆ." ಮುಖ ಕೆಂಪಾಗಿತ್ತು. "ಅಪ್ಪಂಗೆ ನೀವ್ ಹೇಳ್ಬೇಕು ಮಿಸ್."

ನಾನು ಆಗಲೇ ಫೋನು ಮಾಡಿದೆ, ಅವಳ ಮುಂದೆಯೇ, ಸ್ಪೀಕರ್ ಹಾಕಿ. ಆ ಕಡೆ ಹಾಲಿನ ಕ್ಯಾನುಗಳ ಸದ್ದು. "ಏಳಿ ಮೇಡಂ, ಏನಾಯ್ತು? ನಮ್ ಹುಡುಗಿ ಬಂದಿದ್ಲಾ?"

"ಬಂದಿದಾಳೆ. ಮೊದಲು ನಾನ್ ಮಾಡಿದ ಒಂದು ತಪ್ಪು ಹೇಳ್ಬೇಕು ನಿಮಗೆ. ಪ್ರಾಕ್ಟಿಕಲ್ ಪರೀಕ್ಷೇಲಿ ಅವಳಿಗೆ ಎರಡು ತಪ್ಪಾಗಿದ್ದು ನನ್ನಿಂದ. ನಾನೇ ತಪ್ಪು ಹೇಳ್ಕೊಟ್ಟೆ. ಇಲ್ದಿದ್ರೆ ಹೆಬ್ಬಾಳ ಬರ್ತಿತ್ತೋ ಏನೋ. ಈಗ ಅವಳು ಬೀದರ್ ಮೇಲೆ ಹಾಕಿದಾಳೆ."

ಕ್ಯಾನುಗಳ ಸದ್ದು ನಿಂತಿತು.

"ಬೀದರಾ?"

"ಹೌದು."

"ಬೀದರ್ ಅಂದ್ರೆ, ಆ ಮೇಲ್ಗಡೆ ಬೀದರಾ?"

ನನ್ನ ತಪ್ಪು ಅವರ ಕಿವಿಗೆ ಬಿದ್ದಂತೆಯೇ ಇರಲಿಲ್ಲ. ಇನ್ನೊಮ್ಮೆ ಹೇಳಲು ಬಾಯಿ ತೆರೆದೆ. ಹುಡುಗಿ ಬೇಡವೆಂದು ಕೈಯಾಡಿಸಿದಳು. ಅವಳ ಕಣ್ಣು ಫೋನಿನ ಮೇಲೇ ಇತ್ತು.

ಅವರು ಯಾರಿಗೋ ಆ ಕಡೆ ಏನೋ ಹೇಳಿದರು, ಕೇಳಿಸಲಿಲ್ಲ. ಮತ್ತೆ ಬಂದರು. "ಮೇಡಂ, ಹೆಣ್ಮಕ್ಳು ಆಸ್ಟೆಲ್ಲು ಕಾಲೇಜ್ ಒಳಗಡೆನೇ ಐತಾ, ಇಲ್ಲ ಊರೊಳಗ್ ಐತಾ?"

ಅದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದೆ.